ಅಚಲೆಯ ಚಲನೆ: ನೇಪಾಳದ ಭೂಕಂಪಗಳ ಇತಿಹಾಸ

ಭೂಮಿಗೆ ‘ಅಚಲಾ’, ‘ಸ್ಥಿರಾ’ ಎಂಬ ಹೆಸರುಗಳನ್ನು ಅಮರಕೋಶವು ಹೇಳುತ್ತದೆ. ಪರ್ವತಕ್ಕೂ ‘ಅಚಲ’ವೆಂಬ ಹೆಸರುಂಟು. ಚಲಿಸದಿರುವುದೇ ಇವೆರಡರ ಲಕ್ಷಣವೆಂದು ಪ್ರಾಚೀನರು ಭಾವಿಸಿದ್ದರು. ಆದರೆ ಗಿರಿಜೆಯ ತವರೆನಿಸಿದ ಹಿಮಾಚಲದ ಮಡಿಲಲ್ಲಿರುವ ನೇಪಾಳದ ಇತಿಹಾಸವನ್ನು ಪರಿಶೀಲಿಸಿದಾಗ, ಈ ಅಚಲೆಯೇ ಮತ್ತೆ ಮತ್ತೆ ಚಲಿಸಿ ಅರಮನೆ, ಗುಡಿ, ಗುಡಿಸಲುಗಳನ್ನು ಸಮನಾಗಿ ನೆಲಕ್ಕೆ ಕೆಡಹಿರುವುದು ಕಂಡುಬರುತ್ತದೆ.

ನೇಪಾಳವು ಕನ್ನಡಿಗರಿಗೆ ಕೇವಲ ದೂರದ ದೇಶವಲ್ಲ. ಕಾಠ್ಮಂಡುವಿನ ಪಶುಪತಿನಾಥನ ಅರ್ಚಕರಾದ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು. ಭಕ್ತಪುರದಲ್ಲಿ ಜಂಗಮ ಮಠವೊಂದು ಇರುವ ಸಂಗತಿಯೂ ವೀರಶೈವ ಓದುಗರಿಗೆ ಹೊಸದಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವಿನ ಎದುರು ನಿಲ್ಲುವ ಗೋರಕ್ಷನೇ ಆ ನಾಡಿನಲ್ಲಿ ಗೋರಖನಾಥನೆಂದು ಪೂಜೆಗೊಳ್ಳುತ್ತಾನೆ. ಆದುದರಿಂದ ಆ ನಾಡಿನ ದುಃಖದ ಚರಿತ್ರೆಯನ್ನು ತಿಳಿಯುವುದು ಉಚಿತವೇ ಆಗಿದೆ.

ಭೂವಿಜ್ಞಾನಿಗಳ ಪ್ರಕಾರ ಭಾರತದ ಭೂಫಲಕವು ವರ್ಷಕ್ಕೆ ಸುಮಾರು 4ರಿಂದ 5 ಸೆಂಟಿಮೀಟರಿನಷ್ಟು ಉತ್ತರಾಭಿಮುಖವಾಗಿ ಸರಿಯುತ್ತ ಏಷ್ಯಾದ ಫಲಕದ ಅಡಿಗೆ ನುಗ್ಗುತ್ತಿದೆ. ಈ ಚಲನೆಯಲ್ಲಿ ಸುಮಾರು 2 ಸೆಂಟಿಮೀಟರಿನ ಒತ್ತಡವನ್ನು ನೇಪಾಳದ ಹಿಮಾಲಯವೇ ತಾಳಿಕೊಳ್ಳಬೇಕಾಗಿದೆ. ಹಿಮಾಲಯವು ಮೇಲೆದ್ದುದೂ ಇದರಿಂದಲೇ, ಕಂಪಿಸುವುದೂ ಇದರಿಂದಲೇ. ಶತಮಾನಗಳ ಕಾಲ ಶಿಲಾಸ್ತರಗಳಲ್ಲಿ ಕೂಡಿಬಂದ ಬಿಗುವು ಕೆಲವೇ ಕ್ಷಣಗಳಲ್ಲಿ ಬಿಡುಗಡೆಯಾದಾಗ ಭೂಕಂಪವಾಗುತ್ತದೆ. ಕಾಠ್ಮಂಡು ಕಣಿವೆಯು ಪೂರ್ವದಲ್ಲಿ ಒಂದು ಸರೋವರವಾಗಿದ್ದಿತು. ಅದರ ತಳದ ಮೆತ್ತನೆಯ ಜೇಡಿಯು ಕಂಪನವನ್ನು ಹಲವು ಪಟ್ಟು ಹಿಗ್ಗಿಸುವುದರಿಂದ ಅಲ್ಲಿನ ಅಪಾಯವು ಇನ್ನೂ ಹೆಚ್ಚು.

ಕ್ರಿ.ಶ. 1255ರ ಜೂನ್ 7ರಂದು ಸಂಭವಿಸಿದ ಭೂಕಂಪವು ನೇಪಾಳದ ಲಿಖಿತ ದಾಖಲೆಗಳಲ್ಲಿ ಪ್ರಸಿದ್ಧವಾದ ಮೊದಲನೆಯ ಮಹಾವಿಪತ್ತು. ಕಣಿವೆಯ ಜನಸಂಖ್ಯೆಯ ಮೂರರಲ್ಲೊಂದು ಭಾಗವು ಅಳಿಯಿತೆಂದು ಪರಂಪರೆಯು ಹೇಳುತ್ತದೆ. ದೊರೆ ಅಭಯಮಲ್ಲನು ಅದರಲ್ಲಿ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡನು. 1344ರ ಭೂಕಂಪದಲ್ಲಿ ಅರಿಮಲ್ಲನೆಂಬ ಇನ್ನೊಬ್ಬ ದೊರೆಯು ಅಸುನೀಗಿದನು. ಹೀಗೆ ನೂರು ವರ್ಷಗಳೊಳಗೆ ಇಬ್ಬರು ಅರಸರನ್ನು ನೆಲವೇ ನುಂಗಿತು. ವಂಶಾವಳಿಗಳನ್ನು ಬರೆದವರು ಯುದ್ಧ, ಪಟ್ಟಾಭಿಷೇಕಗಳ ಸಾಲಿನಲ್ಲಿಯೇ ಭೂಕಂಪಗಳಿಗೂ ಸ್ಥಾನ ಕೊಟ್ಟಿರುವುದು ಗಮನಾರ್ಹವಾಗಿದೆ.

1505ರ ಜೂನ್ 6ರ ಮಹಾಕಂಪವು ಪಶ್ಚಿಮ ನೇಪಾಳವನ್ನೂ ಟಿಬೆಟ್ಟಿನ ದಕ್ಷಿಣ ಭಾಗವನ್ನೂ ಅಲುಗಾಡಿಸಿತು. ಇದರ ವಿವರಗಳು ಟಿಬೆಟನ್ ಬರಹಗಳಿಂದ ತಿಳಿದುಬರುತ್ತವೆ. 1833ರ ಆಗಸ್ಟ್ 26ರ ಭೂಕಂಪವು ಇನ್ನೊಂದು ಕಾರಣದಿಂದ ಸ್ಮರಣೀಯವಾಗಿದೆ. ಪ್ರಧಾನ ಕಂಪನಕ್ಕೆ ಮುನ್ನ ಎರಡು ಕಂಪನಗಳಾದವು. ಬೆದರಿದ ಜನರು ಮನೆಗಳನ್ನು ಬಿಟ್ಟು ಬಯಲಿಗೆ ಬಂದಿದ್ದರು. ಆದುದರಿಂದ ಸಾವಿರಾರು ಮನೆಗಳು ಬಿದ್ದರೂ ಸತ್ತವರ ಸಂಖ್ಯೆ ಸುಮಾರು ಐನೂರನ್ನು ಮೀರಲಿಲ್ಲ. ಬ್ರಿಟಿಷ್ ರೆಸಿಡೆನ್ಸಿಯ ವೈದ್ಯನಾಗಿದ್ದ ಕ್ಯಾಂಬೆಲ್ ಇದರ ವರದಿಯನ್ನು ಬರೆದಿಟ್ಟಿದ್ದಾನೆ. ಕೊಲ್ಲುವುದು ಭೂಕಂಪವಲ್ಲ, ಬೀಳುವ ಗೋಡೆ ಎಂಬ ಪಾಠವು ಅಂದೇ ದೊರೆತಿತ್ತು. ಆದರೆ ಅದನ್ನು ಕಲಿತವರು ವಿರಳ.

1934ರ ಜನವರಿ 15ರ ಮಧ್ಯಾಹ್ನ ಸಂಭವಿಸಿದ ಭೂಕಂಪವು ನೇಪಾಳದಲ್ಲಿ 8,519 ಜನರನ್ನೂ ಬಿಹಾರದಲ್ಲಿ 7,000ಕ್ಕೂ ಹೆಚ್ಚು ಜನರನ್ನೂ ಬಲಿ ತೆಗೆದುಕೊಂಡಿತು. ಆಗ ಜುದ್ಧ ಶಂಷೇರ ರಾಣಾ ಪ್ರಧಾನಮಂತ್ರಿಯಾಗಿದ್ದನು. ಬ್ರಹ್ಮ ಶಂಷೇರನು ಈ ದುರಂತದ ವೃತ್ತಾಂತವನ್ನೇ ಒಂದು ಗ್ರಂಥವಾಗಿ ಬರೆದನು. ನೇಪಾಳಿಗಳು ತಮ್ಮ ವಿಕ್ರಮ ಸಂವತ್ಸರದ ಲೆಕ್ಕದಂತೆ ಇದನ್ನು ‘1990ರ ಭೂಕಂಪ’ವೆಂದೇ ಕರೆಯುತ್ತಾರೆ.

ಈ ಭೂಕಂಪವು ಭಾರತದಲ್ಲಿ ಒಂದು ಗಂಭೀರ ತಾತ್ತ್ವಿಕ ಚರ್ಚೆಗೂ ಕಾರಣವಾಯಿತು. ಬಿಹಾರದ ವಿಪತ್ತು ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ಶಿಕ್ಷೆಯೆಂದು ಮಹಾತ್ಮಾ ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅಷ್ಟೇ ತೀವ್ರವಾಗಿ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣವನ್ನೇ ಹುಡುಕಬೇಕೆಂಬುದು ಅವರ ನಿಲುವಾಗಿತ್ತು. ಗಾಂಧೀಜಿಯವರು ಆ ಪ್ರತಿಭಟನೆಯನ್ನು ತಮ್ಮ ಉತ್ತರದೊಂದಿಗೆ 1934ರ ಫೆಬ್ರವರಿಯಲ್ಲಿ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಭಕ್ತನಾದವನು ಈ ಚರ್ಚೆಯನ್ನು ಅಲಕ್ಷಿಸುವಂತಿಲ್ಲ. ಶಿಕ್ಷೆಯೆಂಬುದಾದರೆ ಮಣ್ಣಿನ ಗೋಡೆಯ ಮನೆಯಲ್ಲಿದ್ದ ಬಡವನೂ ತೊಟ್ಟಿಲ ಶಿಶುವೂ ಅದಕ್ಕೆ ಹೇಗೆ ಪಾತ್ರರಾದರು? ಸಕಲ ಜೀವರಿಗೂ ಲೇಸನ್ನೇ ಬಯಸುವ ಧರ್ಮದಲ್ಲಿ ನಂಬಿಕೆಯುಳ್ಳವರು ಸತ್ತವರ ಮೇಲೆ ಪಾಪವನ್ನು ಹೊರಿಸಲಾರರು. ದೋಷವನ್ನು ಹುಡುಕಬೇಕಾದುದು ಸತ್ತವರ ಕರ್ಮದಲ್ಲಲ್ಲ, ಬದುಕಿದವರ ಕಟ್ಟುವಿಕೆಯಲ್ಲಿ.

1988ರ ಆಗಸ್ಟ್ 21ರಂದು ಪೂರ್ವ ನೇಪಾಳದಲ್ಲಿ ಆದ ಭೂಕಂಪದ ತರುವಾಯ ಕಟ್ಟಡಗಳ ನಿಯಮಾವಳಿಯೊಂದು ಸಿದ್ಧವಾಯಿತು. ಆದರೆ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ಮನೆಗಳೇ ಉಳಿದವು. 2015ರ ಏಪ್ರಿಲ್ 25ರಂದು ಗೋರ್ಖಾ ಪ್ರಾಂತದ ಬಾರ್ಪಾಕ್ ಸಮೀಪದಲ್ಲಿ 7.8ರ ಪ್ರಮಾಣದ ಕಂಪನವೂ ಮೇ 12ರಂದು 7.3ರ ಮತ್ತೊಂದು ಕಂಪನವೂ ಆದವು. ಸುಮಾರು 9,000 ಜನರು ಮಡಿದರು. ಸುಮಾರು 5 ಲಕ್ಷ ಮನೆಗಳು ಪೂರ್ಣವಾಗಿ ನಾಶವಾದವು. ಅಂದು ಶನಿವಾರ, ನೇಪಾಳದಲ್ಲಿ ವಾರದ ರಜೆಯ ದಿನ. ಶಾಲೆಗಳು ಮುಚ್ಚಿದ್ದುದರಿಂದ ಅಸಂಖ್ಯಾತ ಮಕ್ಕಳು ಉಳಿದರು. ಭೀಮಸೇನ ಥಾಪಾನು ಕಟ್ಟಿಸಿ, 1934ರಲ್ಲಿ ಕುಸಿದು, ಮತ್ತೆ ಎದ್ದಿದ್ದ ಧರಹರಾ ಗೋಪುರವು ಇನ್ನೊಮ್ಮೆ ಉರುಳಿತು. ಪಶುಪತಿನಾಥನ ಮುಖ್ಯ ಗುಡಿಯು ನಿಂತಿತು. ಅದರ ಬದಿಯ ಬಾಗ್ಮತಿಯ ತೀರದಲ್ಲಿ ಚಿತೆಗಳು ಎಡೆಬಿಡದೆ ಉರಿದವು.

ಬಿದ್ದ ಮತ್ತು ನಿಂತ ಗುಡಿಗಳ ಪರಿಶೀಲನೆಯು ಬೋಧಪ್ರದವಾಗಿದೆ. ಭೂಪತೀಂದ್ರಮಲ್ಲನು 1702ರಲ್ಲಿ ಭಕ್ತಪುರದಲ್ಲಿ ಕಟ್ಟಿಸಿದ ಐದು ಅಂತಸ್ತಿನ ನ್ಯಾತಪೋಲ ದೇವಾಲಯವು 1934ರಲ್ಲಿಯೂ 2015ರಲ್ಲಿಯೂ ಉಳಿಯಿತು. ಮೆಟ್ಟಿಲುಮೆಟ್ಟಿಲಾದ ವಿಶಾಲ ಜಗತಿ, ಮೇಲೇರಿದಂತೆ ಕಿರಿದಾಗುವ ದೇಹ, ಇಟ್ಟಿಗೆಯನ್ನು ಹಿಡಿದಿಡುವ ಮರದ ಕಟ್ಟು ಇವು ಅದರ ಬಲ. ಕಾಠ್ಮಂಡುವಿಗೆ ಹೆಸರನ್ನಿತ್ತ ಕಾಷ್ಠಮಂಡಪವಾದರೋ 2015ರಲ್ಲಿ ಪೂರ್ಣವಾಗಿ ಕುಸಿಯಿತು. ಅನಂತರ ಪುರಾತತ್ತ್ವಜ್ಞರು ಅಗೆದು ನೋಡಿದಾಗ ಪ್ರಾಚೀನ ಅಡಿಪಾಯವು ಗಟ್ಟಿಯಾಗಿಯೇ ಇದ್ದಿತು. ನಾಲ್ಕು ಪ್ರಧಾನ ಕಂಬಗಳಲ್ಲಿ ಒಂದು ಮಾತ್ರ ತನ್ನ ಆಧಾರಶಿಲೆಯ ಮೇಲೆ ಕುಳಿತಿರಲಿಲ್ಲ. ಹಿರಿಯರು ಹಾಕಿದ ತಳಹದಿಗೆ ಕಿರಿಯರು ಮಾಡಿದ ದುರಸ್ತಿಯು ಸರಿಯಾಗಿ ಕೂಡದೆ ಹೋಗಿತ್ತು. ಗೋರಖನಾಥನ ವಿಗ್ರಹಕ್ಕೆ ನೆರಳಾಗಿದ್ದ ಆ ಮಂಡಪವನ್ನು ಸ್ಥಳೀಯ ಜನರೇ ಮುಂದಾಗಿ ಪುನಃ ಕಟ್ಟಿದರು. 2022ರಲ್ಲಿ ಅದು ಪೂರ್ಣಗೊಂಡಿತು.

2023ರ ನವೆಂಬರಿನಲ್ಲಿ ಜಾಜರಕೋಟ್ ಪ್ರಾಂತದಲ್ಲಿ ಆದ ಭೂಕಂಪವು ಹಿಂದಿನವುಗಳಿಗೆ ಹೋಲಿಸಿದರೆ ಅಲ್ಪವಾದುದು. ಆದರೂ ಅದು ರಾತ್ರಿಯ ವೇಳೆಯಲ್ಲಿ 150ಕ್ಕೂ ಹೆಚ್ಚು ಜೀವಗಳನ್ನು ಕೊಂಡೊಯ್ದಿತು. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆಗಳೇ ಅಲ್ಲಿಯೂ ಮೃತ್ಯುವಿಗೆ ಕಾರಣವಾದವು. 1505ರಿಂದೀಚೆಗೆ ಪಶ್ಚಿಮ ನೇಪಾಳದಲ್ಲಿ ಅಂತಹ ಮಹಾಕಂಪವು ಮತ್ತೆ ಸಂಭವಿಸಿಲ್ಲ. ಅಲ್ಲಿ ಒತ್ತಡವು ಸಂಗ್ರಹಗೊಳ್ಳುತ್ತಲೇ ಇದೆಯೆಂದು ವಿಜ್ಞಾನಿಗಳು ಎಚ್ಚರಿಸುತ್ತಾರೆ. 1934ರ ನೆನಪಿಗಾಗಿ ನೇಪಾಳವು ಪ್ರತಿವರ್ಷ ಮಾಘಮಾಸದ ಎರಡನೆಯ ದಿನವನ್ನು ಭೂಕಂಪ ಸುರಕ್ಷಾ ದಿನವಾಗಿ ಆಚರಿಸುತ್ತಿದೆ.

ಸ್ಥಾವರ ಜಂಗಮಗಳ ವಿವೇಚನೆಯು ಶರಣಸಾಹಿತ್ಯದ ಓದುಗರಿಗೆ ಸುಪರಿಚಿತವಾದುದು. ನೇಪಾಳದ ಚರಿತ್ರೆಯಲ್ಲಿ ಸ್ಥಾವರವು ಎಷ್ಟು ಸಲ ಬಿದ್ದರೂ ಅದನ್ನು ಎತ್ತಿ ನಿಲ್ಲಿಸುವ ಬಡಗಿಯ, ಶಿಲ್ಪಿಯ ಅರಿವು ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ. ಆ ಅರಿವು ಗುಡಿಗೆ ದೊರೆತಂತೆ ಬಡವನ ಮನೆಗೂ ದೊರೆಯಬೇಕು. ಗೋಡೆಯನ್ನು ಪ್ರಾಮಾಣಿಕವಾಗಿ ಕಟ್ಟುವುದು ಕಾಯಕ. ಕಟ್ಟಲು ಅಶಕ್ತನಾದವನಿಗೆ ನೆರವಾಗುವುದು ದಾಸೋಹ. ಭೂಮಿಯ ಚಲನೆಯನ್ನು ತಡೆಯುವ ಶಕ್ತಿ ಮಾನವನಿಗಿಲ್ಲ. ಈ ಎರಡು ಕರ್ತವ್ಯಗಳು ಮಾತ್ರ ಅವನ ಕೈಯಲ್ಲಿಯೇ ಇವೆ.