ಖಾತ್ರಿ ಕೆಲಸ ಮತ್ತು ಗುಳೆ

ಬೆಂಗಳೂರಿನ ಆಫೀಸುಗಳಲ್ಲಿ ಹವಾಮಾನ ಬದಲಾವಣೆ ಅಂದ್ರೆ ಎಲೆಕ್ಟ್ರಿಕ್ ಸ್ಕೂಟರು, ಬಟ್ಟೆ ಚೀಲ. ರಾಯಚೂರಿನ ಮಟ್ಟಿಗೆ ನಾನು ಅದನ್ನ ಗುಳೆಯಿಂದ ಅಳೀತೀನಿ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದವರು ನಮ್ಮ ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟ್ ಹೊರೋಕೆ ಬರ್ತಾರೆ.

ಇದೇನು ನೀರಿಲ್ಲದ ನಾಡಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್‌ಗಾಗಿ 1520ರಲ್ಲಿ ಕೃಷ್ಣದೇವರಾಯನೇ ಬಿಜಾಪುರದ ಸುಲ್ತಾನನ ಮೇಲೆ ಯುದ್ಧಕ್ಕೆ ಬಂದಿದ್ದ. ಆದ್ರೆ ನದಿಗಳು ಅಂಚಿನಲ್ಲಿ ಹರಿಯುತ್ತವೆ, ನಡುವಿನ ಹೊಲಗಳಿಗೆ ಮಳೆಯೇ ಗತಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಮುಂದೆ ಎಡದಂಡೆ ಕಾಲುವೆ ಮಾನ್ವಿ, ರಾಯಚೂರಿನವರೆಗೂ ಬಂತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯೋದು ರೂಢಿಯಾಯ್ತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ಇನ್ನೂ ತಡವಾಗಿ. ಕಾಲುವೆಗೆ ನೀರು ಯಾವಾಗ ಬಿಡಬೇಕು ಅನ್ನೋದನ್ನ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತೆ. ಊರಿನ ಪಂಚಾಯ್ತಿ ಪೇಪರಲ್ಲಿ ಓದಿ ತಿಳ್ಕೊಳ್ಳುತ್ತೆ.

ಪಂಚಾಯ್ತಿಯ ಕೈಗೆ ಸಿಕ್ಕಿದ್ದು ಮಣ್ಣಿನ ಕೆಲಸ. 2006ರ ಫೆಬ್ರುವರಿ 2ರಂದು ಉದ್ಯೋಗ ಖಾತ್ರಿ ದೇಶದ 200 ಜಿಲ್ಲೆಗಳಲ್ಲಿ ಶುರುವಾಯ್ತು. ಕರ್ನಾಟಕದ ಪಾಲಿನ ಐದರಲ್ಲಿ ರಾಯಚೂರೂ ಇತ್ತು. ಆ ಕಾಯ್ದೆಯ ಮೂಲ ಕಾಮಗಾರಿ ಪಟ್ಟಿ ತೆಗೆದು ನೋಡಿ: ಮೊದಲನೆಯದೇ ಜಲಸಂರಕ್ಷಣೆ, ಎರಡನೆಯದು ಬರ ತಡೆ. ಹವಾಮಾನ ಬದಲಾವಣೆ ಅನ್ನೋ ಮಾತೇ ಅಲ್ಲಿಲ್ಲ. ಕೆರೆ ಹೂಳು ತೆಗೆಯೋದಾ, ಬದು ಹಾಕೋದಾ ಅಂತ ಹೇಳಬೇಕಾದ್ದು ಗ್ರಾಮಸಭೆ. ಗುತ್ತಿಗೆದಾರ ಇರುವಂತಿರಲಿಲ್ಲ, ಜೆಸಿಬಿ ಬರುವಂತಿರಲಿಲ್ಲ (ಕಾಗದದ ಮೇಲಂತೂ ಬರ್ತಿರಲಿಲ್ಲ). ನಾಲ್ಕೇ ದಿನದಲ್ಲಿ ಸುರಿದು ಹೋಗೋ ಮಳೆಯನ್ನ ಹೊಲದಲ್ಲೇ ಹಿಡಿದಿಡೋಕೆ ಬದುವಿಗಿಂತ ಅಗ್ಗದ ಉಪಾಯ ನನಗಂತೂ ಗೊತ್ತಿಲ್ಲ. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರೀತಿದೆ; ಕರೆಂಟು ರಾಜ್ಯಕ್ಕೆಲ್ಲ, ಹಾರುಬೂದಿ ಮಾತ್ರ ಅಲ್ಲಿಗೇ.

ಯೋಜನೆ ಸೋತದ್ದು ಕೂಲಿ ಬಟವಾಡೆಯಲ್ಲಿ. ಕೆಲಸ ಕೇಳಿದ 15 ದಿನದೊಳಗೆ ಕೆಲಸ, ಮುಗಿಸಿದ 15 ದಿನದೊಳಗೆ ಕೂಲಿ ಅನ್ನುತ್ತಿತ್ತು ಆ ಕಾಯ್ದೆ. ಹಣ ಬಿಡುಗಡೆ ದೆಹಲಿಯಿಂದ ಆಗಬೇಕಿತ್ತು, ಬೈಯಿಸಿಕೊಳ್ತಿದ್ದದ್ದು ಪಂಚಾಯ್ತಿ. ಮೇಸ್ತ್ರಿ ಹಾಗಲ್ಲ. ಬಸ್ಸು ಹತ್ತೋ ಮೊದಲೇ ಮುಂಗಡ ಎಣಿಸಿ ಕೈಗೆ ಕೊಡ್ತಾನೆ.