ಸೆರೆಯಿಂದ ಬದುಕಿ ಬಂದವನ ನೆನಪಿಗೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದವನು ಮೇಜರ್ ಜನರಲ್ ಡೇವಿಡ್ ಬೇರ್ಡ್. ಆ ಊರು ಅವನಿಗೆ ಹೊಸದಾಗಿರಲಿಲ್ಲ. ಹಿಂದೆ ಸುಮಾರು ಮೂರೂವರೆ ವರ್ಷ ಅವನು ಮೈಸೂರಿನವರ ಸೆರೆಯಾಳಾಗಿದ್ದ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆ ಕರ್ನಲ್ ವಿಲಿಯಂ ಬೈಲಿಯ ತುಕಡಿಯನ್ನು ಸೋಲಿಸಿತು. ಗಾಯಗೊಂಡ ಬೇರ್ಡ್ ಸೆರೆಸಿಕ್ಕ. ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಬೇರ್ಡ್ ಬದುಕಿ ಉಳಿದು, 1784ರ ಮಂಗಳೂರು ಒಪ್ಪಂದದೊಡನೆ ಬಿಡುಗಡೆ ಹೊಂದಿದ.

ಕೋಟೆ ಗೆದ್ದರೂ ಪಟ್ಟಣದ ಅಧಿಕಾರ ಅವನಿಗೆ ದಕ್ಕಲಿಲ್ಲ. ಅದು ಗವರ್ನರ್ ಜನರಲ್‌ನ ತಮ್ಮ, ಹುದ್ದೆಯಲ್ಲಿ ಕಿರಿಯನಾದ ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು. ಇದನ್ನು ಬೇರ್ಡ್ ಅವಮಾನವೆಂದೇ ಬಗೆದ.

1829ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಕೀರ್ತಿಯನ್ನು ಉಳಿಸುವ ಹೊಣೆ ಹೊತ್ತವಳು ಪತ್ನಿ. ಸ್ಕಾಟ್ಲೆಂಡಿನ ಕ್ರೀಫ್ ಬಳಿಯ ಗುಡ್ಡದ ಮೇಲೆ ಎತ್ತರದ ಕಲ್ಲುಕಂಬವೊಂದನ್ನು ನಿಲ್ಲಿಸಿದಳು. ಬಳಿಕ ಹೆಸರಾಂತ ಚಿತ್ರಕಾರ ಡೇವಿಡ್ ವಿಲ್ಕಿಯಿಂದ ದೊಡ್ಡ ತೈಲಚಿತ್ರ ಬರೆಸಿದಳು. 1839ರಲ್ಲಿ ಮುಗಿದ ಆ ಚಿತ್ರದಲ್ಲಿ ಬೇರ್ಡ್ ಟಿಪ್ಪುವಿನ ಮೃತದೇಹವನ್ನು ಕಂಡು ನಿಂತಿದ್ದಾನೆ. ಅವನ ಕಾಲ ಕೆಳಗೆ ಸೆರೆಮನೆಯ ಕಬ್ಬಿಣದ ಜಾಲರಿ ಇದೆ. ವಿಲ್ಕಿ ಭಾರತವನ್ನು ಕಂಡವನಲ್ಲ. ಆದರೂ ಹಿಂದಿನ ಸೆರೆ ಮತ್ತು ಇಂದಿನ ಗೆಲುವನ್ನು ಒಂದೇ ನೋಟದಲ್ಲಿ ಕೂಡಿಸಿದ. ಚಿತ್ರ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿದೆ. ಸತ್ತ ಬೈಲಿಗೂ ಬಂಧುವೊಬ್ಬನಿದ್ದ: ಜಾನ್ ಬೈಲಿ 1816ರಲ್ಲಿ ಶ್ರೀರಂಗಪಟ್ಟಣದಲ್ಲಿ ಸ್ಮಾರಕ ಕಟ್ಟಿಸಿದ.

ಆದರೆ ಆ ಊರಿನ ಸೆರೆಯಾಳುಗಳು ಇಂಗ್ಲಿಷರಷ್ಟೇ ಅಲ್ಲ. 1784ರಲ್ಲಿ ಕೆನರಾ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಟಿಪ್ಪು ಹಿಡಿದು ಘಟ್ಟ ಹತ್ತಿಸಿದ. ಕೊಡವರನ್ನೂ ಸೆರೆ ಒಯ್ದ. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಕರಾವಳಿಯವರಲ್ಲಿ ಬದುಕುಳಿದ ಹಲವರು ಊರಿಗೆ ಮರಳಿದ್ದು 1799ರ ನಂತರವೇ. 1792ರ ಸೋಲಿನ ಬಳಿಕ ಒತ್ತೆಯಾಗಿ ಇಂಗ್ಲಿಷರ ವಶಕ್ಕೆ ಹೋದವರು ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು. ಅವರು ಮದರಾಸಿನಿಂದ ಮರಳಿದ್ದು 1794ರಲ್ಲಿ.

ಮರಳಿ ಬಂದ ರೈತನ ಹೆಸರಿನಲ್ಲಿ ಕಂಬ ನಿಲ್ಲಿಸಲು, ಚಿತ್ರ ಬರೆಸಲು ಅವನ ಮನೆಯವರಲ್ಲಿ ಹಣವಿರಲಿಲ್ಲ. ಅಂಥವರ ನೆನಪು ಉಳಿದದ್ದು ಹೆಚ್ಚಾಗಿ ಮನೆಮಾತಿನಲ್ಲಿ, ಅಜ್ಜಿಯಿಂದ ಮೊಮ್ಮಕ್ಕಳಿಗೆ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರು ನೋಡುವ ನೆಲಮಾಳಿಗೆ ಇಂದಿಗೂ ಕರ್ನಲ್ ಬೈಲಿಯ ಬಂದೀಖಾನೆ ಎಂದೇ ಹೆಸರಾಗಿದೆ.