ಸಾಲ ತಗೊಂಡವನೇ ಪತ್ರ ಕಿತ್ಕೊಂಡ್ರೆ? ಕೊಡಗಿನ ರಾಜನ ಲಂಡನ್ ಕೇಸು

ಹೊಸಕೋಟೆ ದಾಟಿದ್ರೆ ಮಾಲೂರು. ಆ ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಬರೆದ ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಕೊಡಗಿನ ಕೊನೇ ರಾಜನ ಕಥೆ. ಆದ್ರೆ ಆ ರಾಜ ಲಂಡನ್ನಿಗೇ ಹೋಗಿ ಈಸ್ಟ್ ಇಂಡಿಯಾ ಕಂಪನಿ ಮೇಲೆ ಕೇಸ್ ಹಾಕಿದ್ದು ಗೊತ್ತಾ?

1️⃣
1834ರಲ್ಲಿ ಕಂಪನಿ ಸೈನ್ಯ ಕೊಡಗಿಗೆ ನುಗ್ಗಿತು. ರಾಜ ಶರಣಾದ, ರಾಜ್ಯ ಹೋಯ್ತು. ಅವನನ್ನ ಕಾಶಿಯಲ್ಲಿ ಇಟ್ರು. 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದ. ಅಲ್ಲಿ ಗೌರಮ್ಮ ಕ್ರೈಸ್ತ ದೀಕ್ಷೆ ತಗೊಂಡಾಗ ಧರ್ಮತಾಯಿಯಾಗಿ ನಿಂತವಳು ವಿಕ್ಟೋರಿಯಾ ರಾಣಿ!

2️⃣
ರಾಜ ಕೇಳಿದ್ದು ಸಿಂಹಾಸನ ಅಲ್ಲ, ದುಡ್ಡು. ಕಂಪನಿ ಬರೆದುಕೊಟ್ಟಿದ್ದ ಸಾಲಪತ್ರಗಳು ಅವನ ಹತ್ರ ಇದ್ವು. ಯುದ್ಧದಲ್ಲಿ ಕಂಪನಿ ಅವನ್ನೂ ವಶ ಮಾಡ್ಕೊಂಡಿತ್ತು. ಅಂದ್ರೆ ನಿಮ್ಮ ಹತ್ರ ಸಾಲ ತಗೊಂಡವನೇ ಮನೆಗೆ ನುಗ್ಗಿ, ಸಾಲದ ಪತ್ರ ಎತ್ಕೊಂಡು ಹೋಗಿ, ‘ಸಾಲ ತೀರ್ತು’ ಅಂದ ಹಾಗೆ.

3️⃣
ಚಾನ್ಸರಿ ಕೋರ್ಟಲ್ಲಿ ಕಂಪನಿಯ ವಾದ: ನಾವು ಅದನ್ನ ಸಾಲಗಾರರಾಗಿ ತಗೊಂಡಿಲ್ಲ, ಗೆದ್ದ ಸರ್ಕಾರವಾಗಿ ತಗೊಂಡಿದ್ದು. 1860ರಲ್ಲಿ ನ್ಯಾಯಾಧೀಶ ಸರ್ ಜಾನ್ ರೊಮಿಲಿ ಇದನ್ನ ಒಪ್ಪಿದ್ರು. ಇದು ಪ್ರಭುತ್ವದ ಕೃತ್ಯ, ಕೋರ್ಟು ಇದರಲ್ಲಿ ಕೈ ಹಾಕೋ ಹಾಗಿಲ್ಲ. ಕೇಸ್ ವಜಾ. ರಾಜ 1859ರಲ್ಲೇ ಲಂಡನ್ನಿನಲ್ಲಿ ತೀರಿಹೋಗಿದ್ದ. ತಂಜಾವೂರಿನ ರಾಣಿಯ ಕೇಸಿಗೂ 1859ರಲ್ಲಿ ಪ್ರಿವಿ ಕೌನ್ಸಿಲ್ ಇದೇ ಉತ್ತರ ಕೊಟ್ಟಿತ್ತು.

4️⃣
ಗಮನಿಸಿ: ಕೋರ್ಟು ‘ನಿನ್ನ ದುಡ್ಡಲ್ಲ’ ಅನ್ನಲಿಲ್ಲ. ‘ಆ ಪ್ರಶ್ನೆ ಇಲ್ಲಿ ಕೇಳಬೇಡ’ ಅಂತು. ‘ವಜಾ’ ಅನ್ನೋ ಒಂದೇ ಪದದಲ್ಲಿ ಈ ಎರಡೂ ಅಡಗಿರುತ್ತೆ. ಒಂದು ಸೋಲು, ಇನ್ನೊಂದು ಮುಚ್ಚಿದ ಬಾಗಿಲು. ಎಂಥ ದೊಡ್ಡ ವಕೀಲ ಇದ್ರೂ ಮುಚ್ಚಿದ ಬಾಗಿಲಲ್ಲಿ ವಾದ ನಡೆಯಲ್ಲ.

5️⃣
ಈಗ? ಸಂವಿಧಾನದ 300ನೇ ವಿಧಿ ಪ್ರಕಾರ ಸರ್ಕಾರದ ಮೇಲೆ ದಾವೆ ಹೂಡಬಹುದು. ವಕೀಲರಿಲ್ಲದೆ ನಾವೇ ನಿಂತು ವಾದ ಮಾಡಬಹುದು, ಅದಕ್ಕೆ ‘ಪಾರ್ಟಿ ಇನ್ ಪರ್ಸನ್’ ಅಂತಾರೆ. ಆದ್ರೆ ಸಿವಿಲ್ ದಾವೆಗೆ ಮುಂಚೆ ಸರ್ಕಾರಕ್ಕೆ 2 ತಿಂಗಳ ನೋಟಿಸ್ ಕೊಡ್ಬೇಕು (ಸಿವಿಲ್ ಪ್ರಕ್ರಿಯಾ ಸಂಹಿತೆ, ಸೆಕ್ಷನ್ 80). ತುರ್ತಿದ್ರೆ ಕೋರ್ಟಿನ ಅನುಮತಿ ಬೇಕು. ಇದು ಗೊತ್ತಿಲ್ದೆ ಒಬ್ಬರೇ ಹೋದವರ ಕೇಸು, ಅಸಲು ವಿಷಯಕ್ಕೆ ಬರೋ ಮುಂಚೆನೇ ಬಿದ್ದುಹೋಗಬಹುದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಭೂಸ್ವಾಧೀನದ ನೋಟಿಸ್ ನೋಡಿರೋ ಮನೆಗಳಲ್ಲಿ ಇದು ಬರೀ ಪಾಠದ ವಿಷಯ ಅಲ್ಲ.

6️⃣
ಬಾಗಿಲು ಒಂದೇ ಸಲ ತೆರೀಲಿಲ್ಲ. ನಮ್ಮ ರಾಜ್ಯದ ಒಬ್ಬ ಹೆಂಗಸಿನ ಕಳುವಾದ ಒಡವೆ ಪೊಲೀಸರಿಗೆ ಸಿಕ್ತು, ಆಮೇಲೆ ಅವರ ಸುಪರ್ದಿಯಿಂದಲೇ ಕಾಣೆಯಾಯ್ತು. ಹೈಕೋರ್ಟ್‌ವರೆಗೂ ಅವರ ಕೋರಿಕೆ ನಡೀಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಾಪಾಡಬೇಕಾದವರು ಕಳೆದರೆ, ಸರ್ಕಾರ ಬೆಲೆ ಕಟ್ಟಿಕೊಡಬೇಕು.

ರಾಜನಿಗೆ ಸಿಗದ ಉತ್ತರ ಆ ತಾಯಿಗೆ ಸಿಕ್ತು.

ನಿಮ್ಮ ಮನೇಲಿ ಸರ್ಕಾರದಿಂದ ಬಂದ ಹಳೇ ನೋಟಿಸ್ ಇದ್ರೆ ಬಿಸಾಡ್ಬೇಡಿ. ಅದರ ಮೇಲಿನ ತಾರೀಖೂ ಸಾಕ್ಷಿನೇ.

#ಕೊಡಗು #ಕನ್ನಡಇತಿಹಾಸ #ಕೋರ್ಟುಕಥೆ #ಬೆಂಗಳೂರುಗ್ರಾಮಾಂತರ